ಭಿನ್ನರಾಶಿ: ಬಣ್ಣ ಹಚ್ಚಿದ ವೃತ್ತದಿಂದಾಚೆಗೆ

1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಸಮೀಕ್ಷೆಯೊಂದು 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿತು: 12/13 ಮತ್ತು 7/8 ಕೂಡಿದರೆ ಉತ್ತರ ಯಾವುದಕ್ಕೆ ಹತ್ತಿರ? 1ಕ್ಕೋ, 2ಕ್ಕೋ, 19ಕ್ಕೋ, 21ಕ್ಕೋ? ಎರಡೂ ಸಂಖ್ಯೆಗಳು ಒಂದಕ್ಕಿಂತ ತುಸುವೇ ಕಡಿಮೆ. ಹಾಗಾಗಿ ಉತ್ತರ 2. ಹಾಗೆಂದವರು ಶೇ 24ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದಿದ್ದರು. ಅಂಶಗಳನ್ನು ಕೂಡಿದರೆ 19, ಛೇದಗಳನ್ನು ಕೂಡಿದರೆ 21. ಈ ತೊಡಕು ನಮಗೂ ಹೊಸತಲ್ಲ. 1/2ಕ್ಕೆ 1/3 ಸೇರಿಸಿ 2/5 ಎಂದು ಬರೆಯುವ ಮಗುವನ್ನು ಕಾಣದ ಶಿಕ್ಷಕರು ವಿರಳ. ಕೂಡಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂಬ ಅನುಮಾನವೇ ಆ ಮಗುವಿಗೆ ಬರುವುದಿಲ್ಲ.

ಆಣೆ, ಪಾವುಗಳ ಕಾಲ

ಹಿಂದಿನ ತಲೆಮಾರಿಗೆ ಭಿನ್ನರಾಶಿ ಸಂತೆಯಲ್ಲೇ ಪರಿಚಯವಾಗುತ್ತಿತ್ತು. ರೂಪಾಯಿಗೆ 16 ಆಣೆ, ಸೇರಿಗೆ ನಾಲ್ಕು ಪಾವು. ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು. 1957ರಲ್ಲಿ ದಶಮಾನ ಪದ್ಧತಿಯ ನಾಣ್ಯಗಳು ಬಂದವು, ಬೆನ್ನಲ್ಲೇ ಕಿಲೋ, ಲೀಟರುಗಳು ಬಂದವು. ಕಾಲು ರೂಪಾಯಿ 25 ಪೈಸೆಯಾಯಿತು. ಆ ನಾಣ್ಯವೂ 2011ರಲ್ಲಿ ಚಲಾವಣೆಯಿಂದ ಹೋಯಿತು. ವ್ಯವಹಾರ ಸುಲಭವಾಯಿತು, ಅದಕ್ಕಾಗಿ ಹಳಹಳಿಸಬೇಕಿಲ್ಲ. ಅರ್ಧದ ಅರ್ಧ ಮಾಡುತ್ತ ಹೋಗುವ ಆ ಲೆಕ್ಕದಲ್ಲಿ 1/3, 2/5ಗಳಿಗೆ ಜಾಗವೂ ಕಡಿಮೆಯಿತ್ತು. ಆದರೆ ಅಂದು ಕೈಗೆ ಸಿಗುತ್ತಿದ್ದ ಅನುಭವವನ್ನು ಇಂದು ಪಠ್ಯಪುಸ್ತಕದ ಚಿತ್ರವೇ ಕೊಡಬೇಕಾಗಿದೆ.

ರೊಟ್ಟಿಯಿಂದ ಪಟ್ಟಿಗೆ

ಆ ಚಿತ್ರ ಸಾಮಾನ್ಯವಾಗಿ ವೃತ್ತ ಇಲ್ಲವೇ ರೊಟ್ಟಿ. ಅರ್ಧ, ಕಾಲುಗಳಿಗೆ ಅದು ಚೆನ್ನ. ಸರಿಯಾಗಿ ಐದು ಪಾಲು ಮಾಡಬೇಕೆಂದರೆ ಶಿಕ್ಷಕರಿಗೂ ಕೋನಮಾಪಕ ಬೇಕು. ಅಸಮವಾದ ಮೂರು ಪಾಲುಗಳಲ್ಲಿ ಒಂದಕ್ಕೆ ಬಣ್ಣ ಹಚ್ಚಿದ್ದರೂ ಎಷ್ಟೋ ಮಕ್ಕಳು 1/3 ಎಂದೇ ಬರೆಯುತ್ತಾರೆ. ಅವರು ಎಣಿಸಿರುತ್ತಾರೆ, ಅಳೆದಿರುವುದಿಲ್ಲ. 5/3 ಬಂದಾಗಲಂತೂ ಮೂರೇ ತುಂಡಿನ ರೊಟ್ಟಿಯಲ್ಲಿ ಐದು ತುಂಡು ಎಲ್ಲಿಂದ ತರುವುದೆಂದು ಮಗು ಕಂಗಾಲಾಗುತ್ತದೆ.

ಇಲ್ಲಿ ಕಾಗದದ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದೇ ಉದ್ದದ ಪಟ್ಟಿಗಳನ್ನು ಎರಡು, ಮೂರು, ಆರು ಸಮಭಾಗವಾಗುವಂತೆ ಮಡಿಸಿ ಒಂದರ ಕೆಳಗೊಂದು ಇಟ್ಟರೆ 1/2 ಎಂಬುದು 3/6, 1/3 ಎಂಬುದು 2/6 ಎಂದು ಕಣ್ಣಿಗೇ ಕಾಣುತ್ತದೆ, ಲ.ಸಾ.ಅ. ಕಲಿಯುವ ಮೊದಲೇ ಮೊತ್ತ 5/6 ಎಂದು ಗೊತ್ತಾಗುತ್ತದೆ. (ಮೂರು ಮಡಿಕೆ ಸುಲಭವಲ್ಲ. ಎರಡು ಸಲ ಮಡಿಸಿ ನಾಲ್ಕು ಭಾಗ ಮಾಡಿಕೊಂಡು ಕೂರುವವರೇ ಬಹಳ.) ಅದೇ ಪಟ್ಟಿಯನ್ನು ಸಂಖ್ಯಾರೇಖೆಯ ಮೇಲೆ 0ಯಿಂದ 1ಕ್ಕೆ, 1ರಿಂದ 2ಕ್ಕೆ ಸರಿಸಿದರೆ 5/3ಕ್ಕೂ ಒಂದು ನೆಲೆ ಸಿಗುತ್ತದೆ. ಸಂಖ್ಯಾರೇಖೆಯಲ್ಲೂ ತಪ್ಪಿಗೆ ಎಡೆಯಿದೆ: ನಾಲ್ಕು ಭಾಗ ಮಾಡಿ ಎಂದರೆ ನಡುವೆ ನಾಲ್ಕು ಗೆರೆ ಎಳೆದು ಐದು ಭಾಗ ಮಾಡುವ ಮಕ್ಕಳಿದ್ದಾರೆ. ಗೆರೆಯಲ್ಲ, ಗೆರೆಗಳ ನಡುವಿನ ಉದ್ದ ಮುಖ್ಯ ಎಂಬುದನ್ನು ಬಿಡಿಸಿ ಹೇಳಲೇಬೇಕು.

ಅವಧಿಗಳ ಪ್ರಶ್ನೆ

ಒಬ್ಬರೇ ಶಿಕ್ಷಕರು ಮೂರ್ನಾಲ್ಕು ತರಗತಿ ನೋಡಿಕೊಳ್ಳುವ ಶಾಲೆಗಳಲ್ಲಿ ಪಟ್ಟಿ ಮಡಿಸುತ್ತ ಕೂರಲು ಪುರುಸೊತ್ತೆಲ್ಲಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಛೇದ 13 ಆದಾಗ ಚಿತ್ರ ಹೆಚ್ಚು ನೆರವಾಗದು, ನಿಯಮ ಬೇಕೇ ಬೇಕು ಎಂಬ ವಾದವೂ ನ್ಯಾಯವಾದದ್ದೇ. ಆದರೆ ನಿಯಮವನ್ನೇ ಮೊದಲು ಉರು ಹೊಡೆಸಿದರೆ, ಮುಂದೆ ಅನುಪಾತ, ಶೇಕಡಾ, ಬೀಜಗಣಿತ ಬಂದಾಗ ಭಿನ್ನರಾಶಿಯನ್ನು ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ. ಕೆಳಗಿನ ತರಗತಿಯಲ್ಲಿ ಉಳಿಸಿದ ಅವಧಿ ಮೇಲಿನ ತರಗತಿಯಲ್ಲಿ ಖರ್ಚಾಗುತ್ತದೆ. ಪಟ್ಟಿ ಮಡಿಸಲು ದುಬಾರಿ ಕಿಟ್‌ಗಳು ಬೇಕಿಲ್ಲ, ಹಳೆಯ ದಿನಪತ್ರಿಕೆ ಸಾಕು. ಪ್ರಶ್ನೆಪತ್ರಿಕೆ ರೂಪಿಸುವವರು ಬಣ್ಣ ಹಚ್ಚುವ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೈಬಿಟ್ಟು, 0ಯಿಂದ 2ರವರೆಗಿನ ಗೆರೆಯ ಮೇಲೆ 3/4 ಮತ್ತು 5/4 ಗುರುತಿಸಲು ಮಕ್ಕಳನ್ನು ಕೇಳಲಿ.