ನೆಲಮಾಳಿಗೆಯಲ್ಲಿ ಅರಳಿದ ಹಾಡುಗಳು

ಬ್ಯಾಂಕಿನ ನೌಕರಿ ಬಿಟ್ಟು ಹಾಡಲು ಹೊರಡುತ್ತೇನೆಂದು ಮಗ ಹೇಳಿದರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ? ಐರ್ಲೆಂಡಿನ ಕ್ರಿಸ್ಟಿ ಮೂರ್ ಮಾಡಿದ್ದು ಅದನ್ನೇ. ಕಿಲ್ಡೇರ್ ಪ್ರಾಂತ್ಯದಲ್ಲಿ 1945ರಲ್ಲಿ ಹುಟ್ಟಿದ ಈ ಬ್ಯಾಂಕ್ ಗುಮಾಸ್ತ, 1966ರ ಬ್ಯಾಂಕ್ ಮುಷ್ಕರದ ಸಮಯದಲ್ಲಿ ಇಂಗ್ಲೆಂಡಿಗೆ ತೆರಳಿದರು. ಮೈಮುರಿದು ದುಡಿಯುತ್ತ ಜಾನಪದ ಕ್ಲಬ್ಬುಗಳಲ್ಲಿ ಹಾಡಿದರು.

1971ರಲ್ಲಿ ತಾಯ್ನೆಲಕ್ಕೆ ಮರಳಿ, ಪ್ರಾಸ್ಪರಸ್ ಎಂಬ ಹಳ್ಳಿಯ ಬಳಿಯ ಹಳೆಯ ಮನೆಯೊಂದರ ನೆಲಮಾಳಿಗೆಯಲ್ಲಿ ಗೆಳೆಯರನ್ನು ಕೂಡಿಸಿ ಹಾಡುಗಳನ್ನು ಧ್ವನಿಮುದ್ರಿಸಿದರು. 1972ರಲ್ಲಿ ಹೊರಬಂದ ಆಲ್ಬಮ್ಮಿಗೆ ಹಳ್ಳಿಯದೇ ಹೆಸರು: 'ಪ್ರಾಸ್ಪರಸ್', ಎಂದರೆ ಸಮೃದ್ಧ.

ಮೊದಲ ಹಾಡನ್ನೇ ಕೇಳಿ. ಸಿರಿವಂತ ಮನೆಯ ಹೆಣ್ಣೊಬ್ಬಳು ಎಲ್ಲವನ್ನೂ ತೊರೆದು ಅಲೆಮಾರಿಗಳೊಡನೆ ಹೊರಟುಹೋಗುವ ಹಳೆಯ ಕಥನಗೀತೆ ಅದು. ಮೂರ್ ಅವರಿಗೆ ಇದು ದಕ್ಕಿದ್ದು ಜಾನ್ ರೈಲಿ ಎಂಬ ಅಲೆಮಾರಿ ಗಾಯಕರಿಂದ. ಬಡತನದಲ್ಲೇ ಬಾಳಿದ ರೈಲಿ 1969ರಲ್ಲಿ ತೀರಿಕೊಂಡರು. ಹಾಡು ಮಾತ್ರ ಉಳಿಯಿತು.

ಹಾಡು ಮುಗಿಯುತ್ತಿದ್ದಂತೆ, ನಡುವೆ ಬಿಡುವಿಲ್ಲದೆ, ಹದಿನೇಳನೆಯ ಶತಮಾನದ ಹಾರ್ಪ್ ರಾಗವೊಂದು ತೇಲಿಬರುತ್ತದೆ. ಲಿಯಾಮ್ ಓಫ್ಲಿನ್ ಅದನ್ನು ನುಡಿಸುವುದು ಐರಿಷ್ ಪೈಪಿನಲ್ಲಿ. ಬಾಯಿಂದ ಊದದೆ, ಮೊಣಕೈಯಡಿಯ ತಿದಿ ಒತ್ತಿ ನುಡಿಸುವ ವಾದ್ಯವಿದು. ಜೊತೆಗೆ ಡೋನಲ್ ಲನ್ನಿ, ಆಂಡಿ ಅರ್ವಿನ್ ಅವರ ತಂತಿವಾದ್ಯಗಳು. ಬೀದಿಯ ಹಾಡಿಗೂ ಸಿರಿಮನೆಗಳ ರಾಗಕ್ಕೂ ಇಲ್ಲಿ ನೆಂಟಸ್ತಿಕೆ ಕುದುರಿದೆ. ಈ ನಾಲ್ವರೇ 1972ರಲ್ಲಿ 'ಪ್ಲಾಂಕ್ಸ್ಟಿ' ತಂಡ ಕಟ್ಟಿ ಐರಿಷ್ ಜಾನಪದ ಸಂಗೀತಕ್ಕೆ ಹೊಸ ಹುರುಪು ತಂದರು. ಮೂರ್ ಮುಂದೆ ಸ್ವಂತ ಹಾಡುಗಳನ್ನೂ ಕಟ್ಟಿ ಮನೆಮಾತಾದರು.

ಹೊಸದನ್ನು ಹಾಡಬೇಕೆನ್ನುವ ಮಕ್ಕಳು ಹಳೆಯದನ್ನು ಬಲ್ಲವರ ಮುಂದೆ ಒಂದಿಷ್ಟು ಹೊತ್ತು ಕೂರಲಿ. ಬಲ್ಲವರು ಹೋದ ಮೇಲೆ ಕೇಳುವುದು ಯಾರನ್ನು?