ನೂರು ಡಿಗ್ರಿಯ ಗಡಿಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್

2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಒಂದು ಕಿಡಿಗೇಡಿ ಪ್ರಯೋಗ ಮಾಡಿದರು. ಕ್ವೇಕ್ 3 ಆಟ ಓಡುತ್ತಿರುವಾಗಲೇ ಪ್ರೊಸೆಸರ್ ಮೇಲಿನ, ಕಾವು ಹೀರುವ ಹೀಟ್‌ಸಿಂಕನ್ನು ಕಿತ್ತು ತೆಗೆದರು. ಎಎಂಡಿಯ ಆಥ್ಲಾನ್ ಚಿಪ್ ನೋಡನೋಡುತ್ತಲೇ ಸುಟ್ಟುಹೋಯಿತು. ಇಂಟೆಲ್‌ನ ಪೆಂಟಿಯಮ್ 4 ಸಾಯಲಿಲ್ಲ. ಆಟ ತೆವಳತೊಡಗಿತು, ಅಷ್ಟೇ. ಹೀಟ್‌ಸಿಂಕ್ ಮತ್ತೆ ಕೂರಿಸಿದಾಗ ಮೊದಲಿನ ವೇಗಕ್ಕೆ ಮರಳಿತು.

ಹತ್ತು ನಿಮಿಷ ಸಲೀಸಾಗಿ ಆಡಿಸಿ ಆಮೇಲೆ ತಡವರಿಸುವ ಇಂದಿನ ಲ್ಯಾಪ್‌ಟಾಪಿನೊಳಗೂ ನಡೆಯುವುದು ಇದೇ. ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 95ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಒಂದು ಗಡಿ ಇರುತ್ತದೆ. ಅದನ್ನು ಮುಟ್ಟಿದೊಡನೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದೇ ಥ್ರಾಟ್ಲಿಂಗ್. ಇದನ್ನು ರೋಗವೆಂದು ಬೈದು ಫಲವಿಲ್ಲ. ಕಾವು ಎಲ್ಲಿ ಹುಟ್ಟುತ್ತಿದೆ, ಹೊರಗೆ ಹೋಗುವ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು.

ಹುಟ್ಟುವ ಕಾವು ಕಡಿಮೆಯದೇನಲ್ಲ. ಇಂಟೆಲ್‌ನ ಐ7-12700ಎಚ್ ಚಿಪ್ಪಿನ ಮೂಲ ಬಳಕೆ 45 ವ್ಯಾಟ್, ವೇಗ ಏರಿಸುವ ಟರ್ಬೊದಲ್ಲಿ 115 ವ್ಯಾಟ್‌ವರೆಗೆ. ಇಷ್ಟೂ ಸುಮಾರು 2 ಚದರ ಸೆಂಟಿಮೀಟರ್ ಸಿಲಿಕಾನಿನಲ್ಲಿ. ಮನೆಯ 1000 ವ್ಯಾಟ್ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹೋಲಿಸಿದರೆ, ಒಂದೊಂದು ಚದರ ಸೆಂಟಿಮೀಟರಿಗೆ ಹತ್ತು ಪಟ್ಟು ಹೆಚ್ಚು ಬಿಸಿ ಇಲ್ಲಿ ಹೊರಬೀಳುತ್ತದೆ.

ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗುವುದು ಹೀಟ್ ಪೈಪ್. ನೋಡಲು ಚಪ್ಪಟೆ ಮಾಡಿದ ತಾಮ್ರದ ಕೊಳವೆ. ಒಳಗೆ ಒಂದಿಷ್ಟೇ ನೀರು. ಗಾಳಿಯನ್ನು ಹೀರಿ ತೆಗೆದಿರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಕಡಿಮೆ ಬಿಸಿಗೇ ಕುದಿಯುತ್ತದೆ. ಆವಿ ಚಿಪ್ಪಿನ ಕಡೆಯಿಂದ ತಂಪಾದ ತುದಿಗೆ ಓಡಿ, ಅಲ್ಲಿ ಕಾವು ಬಿಟ್ಟುಕೊಟ್ಟು ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಅಂಟಿಸಿದ ತಾಮ್ರದ ಹುಡಿಯ ಸಣ್ಣ ಸಂದುಗಳು ಆ ನೀರನ್ನು ಹೀರಿ ವಾಪಸು ತರುತ್ತವೆ. ಪಂಪಿಲ್ಲ, ಮೋಟಾರಿಲ್ಲ. ನಿಮಿಷಕ್ಕೆ ಒಂದು ಗ್ರಾಂ ನೀರು ಹೀಗೆ ಸುತ್ತಿದರೆ ಸುಮಾರು 40 ವ್ಯಾಟ್ ಕಾವು ಸಾಗುತ್ತದೆ. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ರೂಪಿಸಿದ್ದು ಬಾಹ್ಯಾಕಾಶದ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಲ್ಯಾಪ್‌ಟಾಪಿನ ಅತ್ಯಂತ ಜಾಣ ಭಾಗ ಇದೇ ಎಂದು ನನಗನ್ನಿಸುತ್ತದೆ. ಜಾಹೀರಾತಿನಲ್ಲಿ ಇದರ ಸುದ್ದಿ ಬರುವುದೇ ಅಪರೂಪ.

ಪೈಪ್ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಕೈಕೊಡುವುದು ಚಿಪ್ಪಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟ್. ಎರಡು ಮುಖಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಗಾಳಿಯ ಸಂದು ಉಳಿದೇ ಉಳಿಯುತ್ತದೆ, ಮತ್ತು ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಕೆಟ್ಟ ಉಷ್ಣವಾಹಕ. ಪೇಸ್ಟ್ ಆ ಸಂದು ತುಂಬುತ್ತದೆ. ಆದರೆ ಪ್ರತಿ ಆಟಕ್ಕೂ ಚಿಪ್ ಕಾದು ಹಿಗ್ಗಿ, ತಣಿದು ಕುಗ್ಗಿ, ಪೇಸ್ಟನ್ನು ತುಸುತುಸುವೇ ಅಂಚಿಗೆ ನೂಕುತ್ತದೆ. ಎಚ್‌ಡಬ್ಲ್ಯುಇನ್ಫೊದಂಥ ತಂತ್ರಾಂಶದಲ್ಲಿ ಒಂದು ಕೋರ್ 98 ಡಿಗ್ರಿ, ಅಷ್ಟೇ ಕೆಲಸ ಮಾಡುವ ಪಕ್ಕದ್ದು 78 ಎಂದು ಕಂಡರೆ ಮೊದಲ ಗುಮಾನಿ ಇದರ ಮೇಲೆಯೇ. ಬಿಚ್ಚಿ ನೋಡಿದರೆ ನಡುವೆ ಸಿಲಿಕಾನ್ ಬರಿದಾಗಿ ಮಿನುಗುತ್ತಿರುತ್ತದೆ, ಸುತ್ತ ಬೂದುಬಣ್ಣದ ಒಣ ಕಟ್ಟೆ.

ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸದನ್ನು ಹಚ್ಚಬೇಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಕೆತ್ತಿರುವುದು ಅಲಂಕಾರಕ್ಕಲ್ಲ. ಆ ಕ್ರಮದಲ್ಲಿ ಬಿಗಿದರೆ ಮಾತ್ರ ಒತ್ತಡ ಸಮನಾಗುತ್ತದೆ. ಪೇಸ್ಟಿನ ಬದಲು ದ್ರವ ಲೋಹ ಹಚ್ಚಿ ಎಂಬ ಸಲಹೆಯನ್ನು ಹೊಸಬರು ಕೇಳಬಾರದು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಹನಿ ಜಾರಿದರೆ ಬೋರ್ಡ್ ಶಾರ್ಟ್ ಆಗುತ್ತದೆ.

ಧೂಳಿನ ಕಥೆ ಚಿಕ್ಕದು. ಫ್ಯಾನ್ ಮತ್ತು ಪೈಪಿನ ತಂಪು ತುದಿಯ ತೆಳು ತಗಡುಗಳ ನಡುವೆ ಧೂಳು ಕಂಬಳಿಯಾಗಿ ಕೂರುತ್ತದೆ, ಹೊರಗಿನಿಂದ ಊದಿದರೆ ಅಲುಗುವುದಿಲ್ಲ. ಕೆಳಗಿನ ಮುಚ್ಚಳ ತೆಗೆದು, ಫ್ಯಾನ್ ಗಿರಗಿರ ತಿರುಗದಂತೆ ಬೆರಳಿನಲ್ಲಿ ಹಿಡಿದು ಧೂಳನ್ನು ತೆಗೆಯಬೇಕು. ಕೂಲಿಂಗ್ ಪ್ಯಾಡಿಗೆ ದುಡ್ಡು ಸುರಿಯುವ ಮೊದಲು ಲ್ಯಾಪ್‌ಟಾಪಿನ ಹಿಂಬದಿಗೆ ದಪ್ಪ ಪುಸ್ತಕ ಕೊಟ್ಟು ನೋಡಿ. ಹಾಸಿಗೆಯ ಮೇಲಿಟ್ಟು ಆಡುವವರಿಗಂತೂ ಯಾವ ಪೇಸ್ಟೂ ನೆರವಾಗದು. ಇನ್ನು ಕೋಣೆಯ ಸೆಕೆ: ಕಾವು ಹರಿಯುವುದು ಬಿಸಿಯ ಅಂತರಕ್ಕೆ ತಕ್ಕಂತೆ. ಗಡಿ ನೂರು ಎಂದುಕೊಂಡರೆ 25 ಡಿಗ್ರಿಯ ಕೋಣೆಯಲ್ಲಿ 75ರ ಅಂತರ ಸಿಗುತ್ತದೆ. ಮೇ ತಿಂಗಳ ಕಲಬುರಗಿಯ 40 ಡಿಗ್ರಿಯಲ್ಲಿ 60 ಮಾತ್ರ. ಅದೇ ಫ್ಯಾನ್, ಅದೇ ತಾಮ್ರ ಐದನೇ ಒಂದು ಪಾಲು ಕಡಿಮೆ ಕಾವು ಸಾಗಿಸುತ್ತದೆ.

ಇಷ್ಟೆಲ್ಲ ಕಾವು ಹೊರಹಾಕುವ ಮಾತಾಯಿತು. ಹುಟ್ಟಿಸದಿರುವುದು ಇನ್ನೂ ಅಗ್ಗ. ಚಿಪ್ಪಿನ ವಿದ್ಯುತ್ ಬಳಕೆ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೋಲ್ಟೇಜ್ ಶೇ 10 ಇಳಿದರೆ ಬಳಕೆ ಸುಮಾರು ಶೇ 19 ಇಳಿಯುತ್ತದೆ; ಜೊತೆಗೆ ವೇಗವನ್ನೂ ಶೇ 10 ಬಿಟ್ಟುಕೊಟ್ಟರೆ ಶೇ 27. ಅಂದರೆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ತೆರುವ ಬೆಲೆ ವಿಪರೀತ. ಇದಕ್ಕೇ ವೋಲ್ಟೇಜ್ ಇಳಿಸುವ ಅಂಡರ್‌ವೋಲ್ಟಿಂಗ್ ಅಷ್ಟು ಜನಪ್ರಿಯವಾದದ್ದು. ಆದರೆ 2019ರ ಡಿಸೆಂಬರಿನಲ್ಲಿ, ವೋಲ್ಟೇಜ್ ಇಳಿಸಿಯೇ ಇಂಟೆಲ್ ಚಿಪ್ಪಿನ ಗುಟ್ಟು ಕದಿಯಬಹುದು ಎಂದು ಬರ್ಮಿಂಗ್‌ಹ್ಯಾಮ್, ಗ್ರಾಜ್, ಲ್ಯೂವೆನ್ ಸಂಶೋಧಕರು ತೋರಿಸಿದರು. ಆ ದಾಳಿಯ ಹೆಸರು ಪ್ಲಂಡರ್‌ವೋಲ್ಟ್. ಆಮೇಲೆ ಅನೇಕ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಈ ಬಾಗಿಲಿಗೆ ಬೀಗ ಬಿತ್ತು.

ಬೀಗ ಬಿದ್ದಿದ್ದರೂ ಉಪಾಯವಿದೆ. ವಿಂಡೋಸ್ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಂತುಹೋಗುತ್ತದೆ. ಒರಟು ಮದ್ದು, ಆದರೆ ಬಿಸಿ ತಟ್ಟನೆ ಇಳಿಯುತ್ತದೆ. ಇದಕ್ಕಿಂತ ನಾಜೂಕಿನದು ಆಟದ ಫ್ರೇಮ್ ಮಿತಿ. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುವಾಗ 110 ಬರೆಯಿಸುವುದು ಬಹುಪಾಲು ದಂಡ. ಅನೇಕ ಮಾದರಿಗಳಲ್ಲಿ ಗ್ರಾಫಿಕ್ಸ್ ಚಿಪ್ ಮತ್ತು ಪ್ರೊಸೆಸರ್ ಒಂದೇ ಹೀಟ್ ಪೈಪ್ ಹಂಚಿಕೊಂಡಿರುವುದರಿಂದ, ಒಂದರ ಹೊರೆ ತಗ್ಗಿದರೆ ಇನ್ನೊಂದೂ ತಣ್ಣಗಾಗುತ್ತದೆ.

ಕಾವು 60 ಡಿಗ್ರಿಯೂ ದಾಟಿಲ್ಲ, ಆದರೂ ವೇಗ 800 ಮೆಗಾಹರ್ಟ್ಸ್‌ಗೆ ಕುಸಿದು ಅಲ್ಲೇ ಅಂಟಿಕೊಂಡಿದೆ ಎಂದಾದರೆ ಪೇಸ್ಟನ್ನು ಮುಟ್ಟಬೇಡಿ. ಬೋರ್ಡಿನ ಬೇರೆ ಯಾವುದೋ ಭಾಗ ಪ್ರೊಸೆಸರಿಗೆ ‘ಬಿಸಿಯಾಗಿದೆ’ ಎಂದು ಸುಳ್ಳು ಸಂಕೇತ ಕಳಿಸುತ್ತಿರಬಹುದು. ಎಷ್ಟೋ ಸಲ ಅಪರಾಧಿ ಚಾರ್ಜರ್: ಕಡಿಮೆ ವ್ಯಾಟಿನದ್ದು, ಅಥವಾ ಲ್ಯಾಪ್‌ಟಾಪ್ ಗುರುತಿಸದ ನಕಲಿ. ಮೊದಲು ಮೂಲ ಅಡಾಪ್ಟರ್ ಸಿಕ್ಕಿಸಿ ನೋಡಿ, ಸ್ಕ್ರೂಡ್ರೈವರ್ ಆಮೇಲೆ.