‘ಏನು ತಿಂದ್ಕೊಂಡು ಬಂದೆ ಪುಟ್ಟಾ?’

ಮಧ್ಯಾಹ್ನ 12.30ಕ್ಕೆ ತೆರೆದ ಡಬ್ಬಿಯಲ್ಲಿ ಒಂದು ಚಪಾತಿ ಹಾಗೇ ಉಳಿದಿದೆ. ಆಮೇಲೆ ಟ್ಯೂಷನ್. ಸಂಜೆ 5.30ಕ್ಕೆ ಭರತನಾಟ್ಯದ ಕ್ಲಾಸು. ಹದಿನಾಲ್ಕರ ಹುಡುಗಿ ಖಾಲಿ ಹೊಟ್ಟೆಯಲ್ಲೇ ಅರಮಂಡಿ ಕೂತು ಮೂರು ಕಾಲದಲ್ಲಿ ಅಡವು ಹಾಕಬೇಕು. ತೊಡೆ ನಡುಗಿದರೆ ‘ಸೋಮಾರಿ’ ಎಂಬ ಗದರಿಕೆ.

ರಂಗಪ್ರವೇಶ ಹತ್ತಿರವಾದಂತೆ ಇದು ಇನ್ನೂ ಬಿಗಡಾಯಿಸುತ್ತದೆ. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಸುಮಾರು ಎರಡು ಗಂಟೆಯ ಕುಣಿತ. ವರ್ಣವೊಂದೇ ಅರ್ಧ ಗಂಟೆ ದಾಟುವುದುಂಟು. ತಾಲೀಮು ಏರುವ ಹೊತ್ತಿಗೇ ಕಾಸ್ಟ್ಯೂಮಿನ ಅಳತೆ. ‘ಸೊಂಟ ಸ್ವಲ್ಪ ಕರಗಿಸಮ್ಮ’ ಎಂದು ಯಾರೋ ಅಂದುಬಿಡುತ್ತಾರೆ. ಅಂದವರು ಮರೆಯುತ್ತಾರೆ, ಹುಡುಗಿ ಮರೆಯುವುದಿಲ್ಲ. ಮೊದಲು ರಾತ್ರಿಯ ಅನ್ನ ಬಿಡುತ್ತಾಳೆ, ಆಮೇಲೆ ಬೆಳಗಿನ ತಿಂಡಿ. ಮನೆಯವರು ಅದನ್ನು ಶ್ರದ್ಧೆ ಎಂದು ಹೊಗಳುತ್ತಾರೆ. ನನಗೆ ಅತಿ ಹೆಚ್ಚು ಸಂಕಟವಾಗುವುದು ಈ ಹೊಗಳಿಕೆ ಕೇಳಿದಾಗಲೇ.

ದುಡಿಮೆಗೆ ತಕ್ಕ ಆಹಾರವಿಲ್ಲದ ಈ ಸ್ಥಿತಿಗೆ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ‘ರೆಡ್–ಎಸ್’ ಎಂದು ಹೆಸರಿಟ್ಟರು. ಕ್ರೀಡಾಪಟುಗಳಿಗೆಂದು ಇಟ್ಟ ಹೆಸರಾದರೂ ನರ್ತಕಿಯರಿಗೂ ಸಲ್ಲುತ್ತದೆ. ಮುಟ್ಟು ತಪ್ಪುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ಬರಿಗಾಲಲ್ಲಿ ನೆಲ ತಟ್ಟಿ ತಟ್ಟಿ ಸೊರಗಿದ ಮೂಳೆ ಕೂದಲೆಳೆಯಂತೆ ಬಿರುಕು ಬಿಡಬಹುದು. ಮೂರು ತಿಂಗಳು ಮುಟ್ಟು ನಿಂತರೆ ‘ಪ್ರಾಕ್ಟೀಸ್ ಜಾಸ್ತಿಯಾಗಿದೆ’ ಎಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 19ರ ಹರೆಯದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಏದುಸಿರು ಬಿಡುವ ಶಿಷ್ಯೆಗೆ ಬೇಕಿರುವುದು ಬೈಗುಳವಲ್ಲ, ರಕ್ತಪರೀಕ್ಷೆ.

ಊಟಕ್ಕೆ ದುಬಾರಿ ಪುಡಿಗಳೇನೂ ಬೇಡ. ಕ್ಲಾಸಿಗೆ ಒಂದು ಗಂಟೆ ಮೊದಲು ಬಾಳೆಹಣ್ಣು, ಒಂದು ಕಡಲೆಕಾಯಿ ಚಿಕ್ಕಿ. ಮನೆಗೆ ಬಂದ ಮೇಲೆ ಮುದ್ದೆ, ಸೊಪ್ಪಿನ ಸಾರು, ಮೊಳಕೆಕಾಳಿನ ಪಲ್ಯ. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಟೀ ಮಾತ್ರ ಊಟದ ಜೊತೆಗೆ ಬೇಡ.

ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ–ಮಾನಸ್ ಸಹಾಯವಾಣಿ ಇದೆ: 14416. ಉಚಿತ, ಕನ್ನಡದಲ್ಲೂ ಲಭ್ಯ. ಆದರೆ ಮಗುವಿನ ಬಾಡಿದ ಮುಖ ಮೊದಲು ಕಣ್ಣಿಗೆ ಬೀಳುವುದು ಗುರುಗಳಿಗೇ. ಅವರು ಮೊಣಕಾಲು ತಿದ್ದಲಿ, ಕೈ ತಿದ್ದಲಿ. ತೂಕದ ಮಾತು ಎತ್ತದಿರಲಿ. ನಮಸ್ಕಾರ ಮುಗಿದ ಕೂಡಲೇ ‘ಏನು ತಿಂದ್ಕೊಂಡು ಬಂದೆ ಪುಟ್ಟಾ?’ ಎಂದು ಕೇಳಲಿ. ಅವಳು ತಲೆ ತಗ್ಗಿಸಿದರೆ ಒಂದು ಬಾಳೆಹಣ್ಣು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಆವತ್ತಿಗೆ ಅಡವು ಬೇಡ, ಕೂತಲ್ಲೇ ಅಭಿನಯದ ಪಾಠವಾದರೆ ಸಾಕು.